ವಿದ್ಯಾರ್ಥಿವೇತನ ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ ಅಂದರೆ

ಒಬ್ಬಳೇ ಮಗನನ್ನು ಸಾಕುತ್ತಾ ಬಿ.ಎಡ್ ಓದುತ್ತಿದ್ದೇನೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿ ಮಂಜೂರಾಗಿತ್ತು. ಐದು ತಿಂಗಳಾದರೂ ಖಾತೆಗೆ ಒಂದು ರೂಪಾಯಿ ಬರಲಿಲ್ಲ. ಕಾಲೇಜಿನವರು ಫೀಸು ಕೇಳುತ್ತಲೇ ಇದ್ದರು.

ಕಾಲೇಜಿನ ಕಚೇರಿಗೆ ಅಲೆದೆ. ಪಾಸ್‌ಬುಕ್ ಜೆರಾಕ್ಸ್ ಎರಡು ಸಲ ಕೊಟ್ಟೆ. ಬ್ಯಾಂಕಿನಲ್ಲಿ ಕೇಳಿದರೆ 'ಆಧಾರ್ ಲಿಂಕ್ ಆಗಿದೆ' ಅಂದರು. ಅದು ನಿಜವೇ, ಆದರೆ ಕೆವೈಸಿಗೆ (ಗುರುತಿನ ದಾಖಲೆಯಾಗಿ) ಲಿಂಕ್ ಆಗುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ನಂಬರಿಗೆ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಾಗುವುದು) ಬೇರೆ. ಸರ್ಕಾರದ ದುಡ್ಡು ಆಧಾರ್ ಮೂಲಕ ನೇರವಾಗಿ ಖಾತೆಗೆ ಬರುವಾಗ (ಇದಕ್ಕೇ ಡಿಬಿಟಿ ಅನ್ನುವುದು) ಮ್ಯಾಪ್ ಆದ ಒಂದೇ ಬ್ಯಾಂಕಿಗೆ ಹೋಗುತ್ತದೆ. ನನ್ನದು ಗಂಡನ ಊರಿನಲ್ಲಿ ತೆರೆದು, ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಖಾತೆಗೆ ಮ್ಯಾಪ್ ಆಗಿತ್ತು!

ಮಾಡಬೇಕಾದ್ದು ಇಷ್ಟು, ಇದೇ ಕ್ರಮದಲ್ಲಿ. ಮೊದಲು ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ನೋಡಿ. ನನ್ನದರಲ್ಲಿ ಗಂಡನ ನಂಬರ್ ಇತ್ತು, ಒಟಿಪಿ ಅಲ್ಲಿಗೇ ಹೋಗುತ್ತಿತ್ತು. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬದಲಾಯಿಸಿದೆ, ಇದಕ್ಕೆ ಯಾವ ದಾಖಲೆಯೂ ಬೇಡ. ಆಮೇಲೆ 'ಮೈ ಆಧಾರ್' ವೆಬ್‌ಸೈಟಿಗೆ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಸೀಡಿಂಗ್ ಅಂದರೆ ಈ ಮ್ಯಾಪಿಂಗೇ; ಮ್ಯಾಪ್ ಆದ ಬ್ಯಾಂಕಿನ ಹೆಸರು ಅಲ್ಲೇ ಕಾಣುತ್ತದೆ.

ಹಳೇ ಬ್ಯಾಂಕ್ ತೋರಿಸಿದರೆ, ಈಗ ಬಳಸುವ ಬ್ಯಾಂಕಿಗೆ ಹೋಗಿ. ಸುಮ್ನೆ 'ಆಧಾರ್ ಲಿಂಕ್ ಮಾಡಿ' ಅನ್ನಬೇಡಿ. 'ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಫಾರ್ಮ್ ಕೊಡಿ' ಅನ್ನಿ. ಅದರಲ್ಲಿ ಬೇರೆ ಬ್ಯಾಂಕಿನಿಂದ ಬದಲಾಯಿಸುವ ಆಯ್ಕೆಗೆ ಗುರುತು ಹಾಕಿ, ಹಳೇ ಬ್ಯಾಂಕಿನ ಹೆಸರು ಬರೆಯಿರಿ. ಸೀಲ್ ಹಾಕಿದ ಸ್ವೀಕೃತಿ ತಗೊಳ್ಳಿ. ನನಗೆ ಆರನೇ ದಿನ ಅದೇ ವೆಬ್‌ಸೈಟಿನಲ್ಲಿ ಹೊಸ ಬ್ಯಾಂಕಿನ ಹೆಸರು, ಪಕ್ಕದಲ್ಲಿ 'ಆಕ್ಟಿವ್' ಬಂತು.

ಅದರ ಸ್ಕ್ರೀನ್‌ಶಾಟ್ ಪ್ರಿಂಟ್ ಮಾಡಿ ವಿದ್ಯಾರ್ಥಿವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಗೆ ಕೊಟ್ಟೆ. ಮುಂದಿನ ತಿಂಗಳು 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ಪಾವತಿ ಕಾಣಿಸಿತು.