ಯುದ್ಧ ನೋಡಿ ಬಂದ ಅಪ್ಪನ ಜೊತೆ ಬದುಕುವುದು ಹೇಗೆ

ನಮ್ಮ ಅಪ್ಪ 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದರು. ಆಗ ನನಗೆ ನಾಲ್ಕು ವರ್ಷ. ಕೈಕಾಲು ನೆಟ್ಟಗಿಟ್ಟುಕೊಂಡೇ ವಾಪಸ್ ಬಂದರು. ಹಾಗಾಗಿ ಅವರಿಗೆ ಏನೂ ಆಗಿಲ್ಲ ಅಂತ ಸವದತ್ತಿ ಕಡೆಯ ನಮ್ಮ ಹಳ್ಳಿಯವರೆಲ್ಲ ಅಂದುಕೊಂಡರು. ನಾವೂ ಹಾಗೇ ಅಂದುಕೊಂಡೆವು. ನಮಗೆ ತಿಳಿಯೋಕೆ ಮೂವತ್ತು ವರ್ಷ ಬೇಕಾಯಿತು. ನಿಮಗೆ ಅಷ್ಟು ವರ್ಷ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ಇಡಿ. 'ಅವರ ಸ್ವಭಾವವೇ ಹಾಗೆ' ಅಂತ ತೀರ್ಮಾನ ಮಾಡುವ ಮುಂಚೆ, ವಿಚಿತ್ರ ಅನ್ನಿಸಿದ್ದನ್ನೆಲ್ಲ ಬರೆದಿಡಿ. ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೂ ಸ್ವಲ್ಪ ಮುಂಚೆ ಏನು ಸದ್ದಾಯಿತು, ಏನು ಕಣ್ಣಿಗೆ ಬಿತ್ತು. ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಹುಲ್ಲಿನದು. ಹೊಲಕ್ಕೆ ಹೋಗುವಾಗ ಅಪ್ಪ ಚಕ್ಕಡಿಯ ಗಾಲಿ ಹಾದ ಗೆರೆ ಬಿಟ್ಟು ಕಾಲಿಡುತ್ತಿರಲಿಲ್ಲ. "ಯವ್ವಾ, ಹುಲ್ಲಿನ್ಯಾಗ ಕಾಲ ಇಡಬ್ಯಾಡ. ಗಾಲಿ ಹಾದಲ್ಲೇ ನಡಿ" ಅನ್ನುತ್ತಿದ್ದರು. ಹಾವಿನ ಭಯ ಇರಬೇಕು ಅಂದುಕೊಂಡಿದ್ದೆವು. ಅಪ್ಪ ಹೋಗಿದ್ದ ಶ್ರೀಲಂಕಾದ ಉತ್ತರದ ಜಾಫ್ನಾದ ದಾರಿಗಳಲ್ಲಿ ನೆಲಬಾಂಬ್ ಹೂತಿಡುತ್ತಿದ್ದರು ಅಂತ ಓದಿದ್ದು ಎಷ್ಟೋ ವರ್ಷದ ಮೇಲೆ. ನಾನೂ ಪಾರ್ಕಿನಲ್ಲಿ ಹುಲ್ಲು ತುಳಿಯುವುದಿಲ್ಲ. ಈಗ ನನ್ನ ಮಗನೂ ತುಳಿಯುವುದಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ನನ್ನನ್ನು ನೋಡಿ ಕಲಿತಿದ್ದಾನೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ನಿಮಗೂ ಮಕ್ಕಳಿಗೂ ಒಂದೆರಡು ಪುಟ ಬಿಡಿ.

ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ. ಕಾಲಿನ ಕಡೆ, ಸ್ವಲ್ಪ ದೂರ ನಿಂತು ಹೆಸರೋ ಸಂಬಂಧವೋ ಹಿಡಿದು ಕರೆಯಿರಿ. ನಮ್ಮ ಅವ್ವ ಒಮ್ಮೆ ಭುಜ ಅಲ್ಲಾಡಿಸಿ ಎಬ್ಬಿಸಲು ಹೋಗಿ ಮಣಿಕಟ್ಟು ಮುರಿದುಕೊಂಡಳು. ಅಪ್ಪ ಆ ದಿನವೆಲ್ಲ ಊಟ ಮಾಡಲಿಲ್ಲ. ಮನೆಗೆ ಬರುವ ಮೊಮ್ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ, ಆದರೆ ಹೆದರಿಸಬೇಡಿ.

ದೀಪಾವಳಿ ನಮಗೆ ಬಹಳ ಕಷ್ಟದ ಹಬ್ಬ. ತಮಿಳು ಬಂಡುಕೋರರಾದ ಎಲ್.ಟಿ.ಟಿ.ಇ. ಕೈಯಿಂದ ಜಾಫ್ನಾ ಹಿಡಿಯಲು ನಮ್ಮ ಸೈನ್ಯ ನಡೆಸಿದ ಕಾರ್ಯಾಚರಣೆ ಆಪರೇಷನ್ ಪವನ್ ಶುರುವಾಗಿದ್ದೂ ಅಕ್ಟೋಬರ್‌ನಲ್ಲೇ. ಕಿವಿಗೆ ಹತ್ತಿ ಇಟ್ಟು ನೋಡಿದೆವು, ಉಪಯೋಗ ಆಗಲಿಲ್ಲ. ಸದ್ದು ಜೋರಾಗಿರುವುದಕ್ಕಿಂತ ಅದು ಹೇಳದೆ ಕೇಳದೆ ಬರುವುದೇ ಅವರಿಗೆ ಜಾಸ್ತಿ ತ್ರಾಸು. ಅದಕ್ಕೇ ಅಕ್ಕಪಕ್ಕದವರ ಹತ್ತಿರ ಹೋಗಿ ಎಷ್ಟು ಹೊತ್ತಿಗೆ ಪಟಾಕಿ ಹಚ್ಚುತ್ತೀರಿ ಅಂತ ಕೇಳಿ ಬರುತ್ತೇನೆ. ಅಪ್ಪನಿಗೆ ಹೇಳುತ್ತೇನೆ. ಆ ಹೊತ್ತಿಗೆ ಒಳಕೋಣೆಯಲ್ಲಿ ರೇಡಿಯೋ ಹಚ್ಚಿ ಅವರ ಪಕ್ಕ ಕೂರುತ್ತೇನೆ.

ಇನ್ನು ಮಾತು. 'ಎಷ್ಟು ಜನರನ್ನು ಕೊಂದಿರಿ' ಅಂತ ಯಾವತ್ತೂ ಕೇಳಬೇಡಿ. ಮೊಬೈಲ್ ಹಿಡಿದು ರೆಕಾರ್ಡ್ ಮಾಡಲೂ ಹೋಗಬೇಡಿ. ಶ್ರೀಲಂಕಾದಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಚೆನ್ನೈಗೆ ಬಂದಾಗ ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಆ ಯುದ್ಧದ ಮಾತು ಯಾರಿಗೂ ಬೇಕಿರಲಿಲ್ಲ. ಅಂಥವರಿಗೆ ಬಾಯಿ ಬಿಡೋದು ಸುಲಭ ಅಲ್ಲ, ಅಲ್ವಾ? ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡು ಜೊತೆಗೆ ಕೂತುಬಿಡಿ, ಸಾಕು.

ಒಂದು ದಿನ ನಾನೂ ಅಪ್ಪನೂ ಶೇಂಗಾ ಸುಲಿಯುತ್ತಿದ್ದೆವು. ಅವ್ವ ಸೆರಗಿನ ತುದಿಗೆ ಕೀಲಿ ಗಂಟು ಹಾಕಿಕೊಂಡರೆ ಅಪ್ಪ ಯಾವಾಗಲೂ ರೇಗುತ್ತಿದ್ದರು. ಅವತ್ತೂ ರೇಗಿದರು. ಸ್ವಲ್ಪ ಹೊತ್ತಿನ ಮೇಲೆ, ಮೊರ ನೋಡುತ್ತಲೇ, ಜಾಫ್ನಾದ ನಲ್ಲೂರಿನ ಮುರುಗನ ಗುಡಿಯ ಸುದ್ದಿ ತೆಗೆದರು. ಮನೆ ಬಿಟ್ಟು ಓಡಿ ಬಂದ ಸಾವಿರಾರು ತಮಿಳರು ಆ ಗುಡಿಯಲ್ಲಿ ಆಸರೆ ಪಡೆದಿದ್ದರು. ಅವರಲ್ಲೊಬ್ಬ ಮುದುಕಿಯ ಸೆರಗಿನಲ್ಲಿ ಮನೆ ಕೀಲಿ ಇತ್ತಂತೆ. "ಮನಿ ಎಲ್ಲಿ ಉಳದಿತ್ತವ್ವಾ, ಅಕೀ ಕೀಲಿ ಬಿಡವಲ್ಲಳು" ಅಂದರು. ಅಷ್ಟೇ ಅಂದರು. ನಾನು ಮುಂದೆ ಏನೂ ಕೇಳಲಿಲ್ಲ. ನೀವೂ ಕೇಳಬೇಡಿ. ಮುಂದಿನದು ಒಂದು ವರ್ಷ ಬಿಟ್ಟು ಬಂದೀತು, ಬಾರದೆಯೂ ಇರಬಹುದು. ಅವ್ವನ ಕೀಲಿ ಈಗ ಬಾಗಿಲ ಹಿಂದಿನ ಮೊಳೆಯಲ್ಲಿ ಇರುತ್ತದೆ.

ಕುಡಿತದ ಬಗ್ಗೆ ಒಂದು ಮಾತು. ಮಿಲಿಟರಿ ಕ್ಯಾಂಟೀನಿನ ರಮ್ ಕುಡಿದೇ ಎಷ್ಟೋ ಜನ ನಿದ್ದೆ ಮಾಡುತ್ತಾರೆ. ಸಿಟ್ಟಿನಲ್ಲಿ ಬಾಟಲಿ ಬಚ್ಚಿಡಬೇಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಕೈಕೆಳಗೇ ಬಿಡಿಸಬೇಕು. ನಾವು ಮೊದಲು ಹೋದ ಡಾಕ್ಟರು ನಿದ್ದೆ ಮಾತ್ರೆ ಬರೆದು ಕಳಿಸಿದರು, ಏನೂ ಕೇಳಲಿಲ್ಲ. ಭಯಂಕರವಾದದ್ದನ್ನು ಕಂಡು ಬಂದವರ ಮನಸ್ಸಿಗೆ ಆಗುವ ಈ ಕಾಯಿಲೆಗೆ ಪಿ.ಟಿ.ಎಸ್.ಡಿ. ಅನ್ನುತ್ತಾರೆ. 1980ರಿಂದಲೇ ವೈದ್ಯರ ಪುಸ್ತಕದಲ್ಲಿ ಈ ಹೆಸರಿದೆ. ಮಾತಿನ ಚಿಕಿತ್ಸೆ ಇದೆ, ಔಷಧಿಯೂ ಇದೆ. ಮನೋವೈದ್ಯರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ, ಯಾವ ಯುದ್ಧ, ಯಾವ ವರ್ಷ ಅಂತ ನೀವೇ ಮೊದಲು ಹೇಳಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಂತ ಮನೋರೋಗದ ಸರ್ಕಾರಿ ಆಸ್ಪತ್ರೆಗಳಿವೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇ.ಸಿ.ಎಚ್.ಎಸ್. ಕಾರ್ಡ್ ಜೊತೆಗಿರಲಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಅವ್ವನನ್ನೂ ಕರೆದುಕೊಂಡು ಹೋಗಿ. ಎರಡನೇ ಸಲ ಹೋದಾಗ ಡಾಕ್ಟರು ಅಪ್ಪನ ಜೊತೆ ಮಾತು ಮುಗಿಸಿ ಅವ್ವನ ಕಡೆ ತಿರುಗಿ, "ನಿಮಗ ನಿದ್ದಿ ಬರ್ತದೇನ್ರಿ?" ಅಂದರು. ಅವ್ವ ಸೆರಗಿನ ತುದಿ ಸುತ್ತುತ್ತಾ ಬಹಳ ಹೊತ್ತು ಕೂತಳು. "ಅವ್ರು ಮಲಗಿದ್ ಮ್ಯಾಲ ಮಲಗತೀನ್ರಿ, ಅವ್ರು ಏಳೂಕಿಂತ ಮೊದಲ ಏಳತೀನಿ" ಅಂದಳು. ಹೊರಗೆ ಕೌಂಟರಿಗೆ ಹೋಗಿ ಅವಳ ಹೆಸರಲ್ಲೂ ಒಂದು ಚೀಟಿ ಮಾಡಿಸಿದೆ. ನೀವು ಮೊದಲ ದಿನವೇ ಮಾಡಿಸಿ.