ಎಂಟೂ ದೀಪ ಹತ್ತಿದವು, ನೆಟ್ ಮಾತ್ರ ಓಡಲಿಲ್ಲ

ಕೆಳಗಿನ ಹಾಲ್‌ನ ರೂಟರ್‌ನಿಂದ ಮಹಡಿ ರೂಮಿಗೆ ಸುಮಾರು 20 ಮೀಟರ್ ಕ್ಯಾಟ್ 6 ಕೇಬಲ್ (ಒಳಗೆ ಎರಡೆರಡಾಗಿ ಸುತ್ತಿಕೊಂಡ ಎಂಟು ತಂತಿಗಳಿರುವ ನೆಟ್ ಕೇಬಲ್) ಎಳೆದು, ಎರಡೂ ತುದಿಗೆ ನಾನೇ ಆರ್‌ಜೆ45 ಕನೆಕ್ಟರ್ (ಎಂಟು ಪಿನ್‌ಗಳ ಪ್ಲಗ್) ಕ್ರಿಂಪ್ ಮಾಡಿದೆ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದೆ. ತಂತಿಗೊಂದು ದೀಪವಿರುವ ಕೇಬಲ್ ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪಗಳು ಸಾಲಾಗಿ ಹತ್ತಿದವು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಲಿಂಕ್ ಬರುತ್ತೆ, ಹೋಗುತ್ತೆ. ಬಂದಾಗಲೂ ಆಮೆವೇಗ. ಎರಡು ದಿನ ಪಾಪದ ರೂಟರನ್ನೇ ಬೈದೆ.

ತಪ್ಪು ನನ್ನದೇ. ನೋಡೋಕೆ ಚೆಂದ ಅಂತ ಕಿತ್ತಳೆ, ಹಸಿರು, ನೀಲಿ, ಕಂದು ಅಂತ ಜೋಡಿ ಜೋಡಿಯಾಗಿಯೇ ತಂತಿ ಕೂರಿಸಿದ್ದೆ. ಎರಡೂ ಕಡೆ ಅದೇ ಕ್ರಮ, ಹಾಗಾಗಿ ಟೆಸ್ಟರ್ ಸೈ ಅಂತು. ಅಗ್ಗದ ಟೆಸ್ಟರ್ ನೋಡೋದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯಾ ಅಂತ ಅಷ್ಟೆ. ಆದರೆ 3 ಮತ್ತು 6ನೇ ಪಿನ್‌ಗೆ ಒಂದೇ ಜೋಡಿಯ ತಂತಿಗಳು ಹೋಗಬೇಕು. ಜೊತೆಯ ತಂತಿಗಳು ಒಂದಕ್ಕೊಂದು ಸುತ್ತಿಕೊಂಡಿದ್ದರೇ ಅಕ್ಕಪಕ್ಕದ ತಂತಿಗಳ ಸಿಗ್ನಲ್ ಗದ್ದಲ ಅಡಗೋದು. ನಾನು ಹಸಿರಿನದೊಂದು, ನೀಲಿಯದೊಂದು ಸೇರಿಸಿ ಗಂಟುಹಾಕಿದ್ದೆ!

ಎರಡೂ ತುದಿ ಕತ್ತರಿಸಿ ಟಿ568ಬಿ ಅನ್ನೋ ಪ್ರಮಾಣಿತ ಬಣ್ಣದ ಕ್ರಮದಲ್ಲಿ ಮತ್ತೆ ಮಾಡಿದೆ. ಕನೆಕ್ಟರಿನ ಕ್ಲಿಪ್ ಕೆಳಮುಖ, ತಂತಿ ತೂರಿಸುವ ಬಾಯಿ ನಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಸುತ್ತು ಬಿಚ್ಚಿದ್ದು ಅರ್ಧ ಇಂಚಿನೊಳಗೇ. ಹೊರಗಿನ ಸಿಪ್ಪೆಯೂ ಕನೆಕ್ಟರಿನೊಳಗೆ ಹೋಗಿ ಕಚ್ಚಿಕೊಳ್ಳುವಂತೆ ಒತ್ತಿದೆ. ಮೊದಲ ಸಲ ಅದೂ ಹೊರಗೇ ಉಳಿದಿತ್ತು.

ಈಗ ಲಿಂಕ್ 1 ಜಿಬಿಪಿಎಸ್ (ಸೆಕೆಂಡಿಗೆ ಒಂದು ಗಿಗಾಬಿಟ್) ವೇಗ ತೋರಿಸುತ್ತಿದೆ. ಹಾಳಾದ ಕನೆಕ್ಟರ್ ಐದು.