‘ಅಡ್ಡಿಲ್ಲ’ ಅಂದರೆ ಎಷ್ಟು ಇಂಚು?

ವೀಲ್‌ಚೇರ್ ಬಳಸುವವರು ಕಾರವಾರದಲ್ಲಿ ಬಾಡಿಗೆ ಮನೆ ಹುಡುಕುವುದು ಹೇಗೆ

ಶಿರಸಿಯಿಂದ ಕಾರವಾರಕ್ಕೆ ವರ್ಗವಾದಾಗ ಫೋನಿನಲ್ಲೇ ಹನ್ನೊಂದು ಮನೆ ವಿಚಾರಿಸಿದ್ದೆ. ಎಲ್ಲ ಕಡೆಯಿಂದಲೂ ಬಂದ ಉತ್ತರ ಒಂದೇ: ‘ಅಡ್ಡಿಲ್ಲ’. ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಹತ್ತು ಅರ್ಥ. ಆರೋಗ್ಯ ಹೇಗಿದೆ ಎಂದರೂ ಅಡ್ಡಿಲ್ಲ, ಇನ್ನೊಂದು ಚಹಾ ಆಗಬಹುದೇ ಎಂದರೂ ಅಡ್ಡಿಲ್ಲ. ವೀಲ್‌ಚೇರ್ ಒಳಗೆ ಬರುತ್ತದೆಯೇ ಎಂದರೂ ಅಡ್ಡಿಲ್ಲ. ಹೋಗಿ ನೋಡಿದರೆ ಮೂರು ಮೆಟ್ಟಿಲು, ಒಂದು ಗಟಾರ, 25 ಇಂಚಿನ ಬಚ್ಚಲ ಬಾಗಿಲು. ಯಾರೂ ಬೇಕೆಂದು ಸುಳ್ಳು ಹೇಳಿದ್ದಲ್ಲ. ದಿನಾ ಹತ್ತಿಳಿಯುವವರಿಗೆ ತಮ್ಮ ಮನೆಯ ಮೆಟ್ಟಿಲು ಕಾಣುವುದೇ ಇಲ್ಲ. ಹಾಗಾಗಿ ‘ಆಗುತ್ತದೆಯೇ’ ಎಂದು ಕೇಳುವುದನ್ನು ಬಿಟ್ಟು ‘ಎಷ್ಟು ಇಂಚು’ ಎಂದು ಕೇಳಲು ಶುರುಮಾಡಿದೆ. ಮನೆ ಸಿಕ್ಕಿದ್ದು ಆಮೇಲೆ.

ಮೊದಲು ಕುರ್ಚಿ ಅಳೆಯಿರಿ

ಮನೆಗಿಂತ ಮೊದಲು ಅಳೆಯಬೇಕಾದದ್ದು ನಿಮ್ಮ ಕುರ್ಚಿಯನ್ನು. ಗಾಲಿಯ ಹೊರಬಳೆಯಿಂದ ಹೊರಬಳೆಗೆ ನನ್ನದು 25 ಇಂಚು. ಬಳೆ ಹಿಡಿದ ಕೈಗಂಟುಗಳೂ ಸೇರಿದರೆ 28. ಪಾದ ಇಡುವ ಪಟ್ಟಿ ಸೇರಿ ಉದ್ದ 42. ಈ ಮೂರು ಅಂಕಿ ಬಾಯಿಪಾಠ ಇರಲಿ.

ನಂತರ ಒಂದು ಬಿದಿರು ಕೋಲನ್ನು ಕೈಗಂಟು ಸೇರಿದ ನಿಮ್ಮ ಅಳತೆಗೆ, ನನ್ನದಾದರೆ ಸರಿಯಾಗಿ 28 ಇಂಚಿಗೆ, ಕತ್ತರಿಸಿ, ಮನೆ ನೋಡಲು ಹೋಗುವವರ ಕೈಗೆ ಕೊಡಿ. ನನ್ನ ಪರವಾಗಿ ಓಡಾಡಿದವನು ತಮ್ಮ. ಟೇಪು ಹಿಡಿದರೆ ಮಾಲಕರು ವಾದಕ್ಕೆ ನಿಲ್ಲುತ್ತಾರೆ, ‘ಅದು ಎರಡೂವರೆ ಅಡಿ ಬಾಗಿಲು ಮಾರಾಯ್ರೆ’ ಎನ್ನುತ್ತಾರೆ. ಕೋಲನ್ನು ಅಡ್ಡ ಹಿಡಿದು ದಾಟಲು ಹೋದಾಗ ಅದು ಚೌಕಟ್ಟಿಗೆ ಬಡಿದರೆ ವಾದ ಅಲ್ಲಿಗೆ ಮುಗಿಯುತ್ತದೆ. ಮೇಸ್ತ್ರಿಗಳ ಎರಡೂವರೆ ಅಡಿ ಚೌಕಟ್ಟೂ ಸೇರಿದ ಲೆಕ್ಕ. ಬಾಗಿಲು ಪೂರ್ತಿ ತೆರೆದಿಟ್ಟು, ಹಲಗೆಯ ಮುಖದಿಂದ ಎದುರು ಚೌಕಟ್ಟಿನವರೆಗೆ ಅಳೆದರೆ ಉಳಿಯುವುದು ಇಪ್ಪತ್ತೈದೋ ಇಪ್ಪತ್ತಾರೋ ಇಂಚು.

ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಪ್ರವೇಶಯೋಗ್ಯತೆಯ (ವಿಕಲಚೇತನರೂ ಬಳಸುವಂತೆ ಕಟ್ಟಡ ಹೇಗಿರಬೇಕು ಎಂಬ) ಮಾರ್ಗಸೂಚಿ ಬಾಗಿಲಿಗೆ ಹೇಳುವುದು 900 ಮಿ.ಮೀ., ಅಂದರೆ ಸುಮಾರು 35 ಇಂಚು. ಅಷ್ಟು ಅಗಲದ ಬಚ್ಚಲ ಬಾಗಿಲನ್ನು ಬಾಡಿಗೆ ಮನೆಯಲ್ಲಿ ನಾನಂತೂ ಕಂಡಿಲ್ಲ. ಒಂದೆರಡು ಇಂಚು ಸಾಲದಿದ್ದರೆ ಹಲಗೆ ಬಿಚ್ಚಿಸಿ ಪರದೆ ಕಟ್ಟಬಹುದು. ಹೆಚ್ಚು ಕಡಿಮೆ ಒಂದೂವರೆ ಇಂಚು ಸಿಗುತ್ತದೆ. ಅದಕ್ಕೂ ಮೀರಿ ಕಡಿಮೆ ಇದ್ದರೆ ಆ ಮನೆ ಬಿಟ್ಟುಬಿಡಿ.

ಯಾರನ್ನು ಕೇಳುವುದು

ಕಾರವಾರ ಜಿಲ್ಲಾ ಕೇಂದ್ರ. ಜೊತೆಗೆ ಕೈಗಾ ಅಣುಸ್ಥಾವರ, ನೌಕಾನೆಲೆ. ವರ್ಗಾವಣೆಯ ತಿಂಗಳಲ್ಲಿ ಒಳ್ಳೆಯ ಮನೆ ಬೋರ್ಡು ಹಾಕುವ ಮೊದಲೇ ಹೋಗಿರುತ್ತದೆ. ಏಜೆಂಟರಿಗೆ ಹೇಳಿಡಿ, ಆದರೆ ಅವರನ್ನೇ ನೆಚ್ಚಿ ಕೂರಬೇಡಿ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ ಕಾರವಾರದಲ್ಲೇ ಇದೆ. ನಗರದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ವಾರ್ಡಿನ ಯಾವ ಮನೆಯಲ್ಲಿ ವೀಲ್‌ಚೇರ್ ಓಡಾಡುತ್ತದೆ ಎಂಬುದು ಇವರಿಗೆ ಗೊತ್ತಿರುತ್ತದೆ. ಫಿಸಿಯೋಥೆರಪಿ ಮಾಡುವವರನ್ನೂ ಕೇಳಿ. ಲಕ್ವ ಹೊಡೆದ ಹಿರಿಯರೊಬ್ಬರನ್ನು ನೋಡಿಕೊಂಡ ಮನೆ ಖಾಲಿಯಾಗಿದ್ದರೆ ಅರ್ಧ ಕೆಲಸ ಅಲ್ಲಿ ಆಗಲೇ ಆಗಿರುತ್ತದೆ.

ಫೋಟೊ ನಂಬಬೇಡಿ. ಹಾಲಿನ ಟೈಲ್ಸು, ಬಾಲ್ಕನಿಯಿಂದ ಕಾಣುವ ಸಮುದ್ರ ಎಲ್ಲ ಬರುತ್ತದೆ, ಹೊಸ್ತಿಲು ಮಾತ್ರ ಬರುವುದಿಲ್ಲ. ರಸ್ತೆಯಿಂದ ಶುರುಮಾಡಿ, ನಡುವೆ ಎಲ್ಲೂ ನಿಲ್ಲಿಸದೆ, ಬಚ್ಚಲವರೆಗೆ ನಡೆದುಕೊಂಡು ಹೋಗಿ ತೆಗೆದ ಒಂದೇ ವಿಡಿಯೊ ಕಳಿಸಿ ಎನ್ನಿ.

ಬಡಾವಣೆಯ ವಿಷಯ ಚಿಕ್ಕದು. ಗುಡ್ಡಕ್ಕೂ ಕಡಲಿಗೂ ನಡುವಿನ ಪಟ್ಟಿಯಲ್ಲಿ ಕಾಜುಬಾಗ, ಕೋಡಿಬಾಗದ ಕಡೆ ನೆಲ ಸಮತಟ್ಟು. ಬೈತಖೋಲದಲ್ಲಿ ಗುಡ್ಡದ ಮಗ್ಗುಲಿನ ಮನೆಗಳು ನಮಗಲ್ಲ. ರೈಲು ನಿಲ್ದಾಣ ಊರಿನಿಂದ ದೂರ, ಶಿರವಾಡದಲ್ಲಿದೆ, ಅದನ್ನು ನೋಡಿ ಮನೆ ಹಿಡಿಯಬೇಡಿ. ಕಚೇರಿ ಮತ್ತು ಜಿಲ್ಲಾ ಆಸ್ಪತ್ರೆ ಹತ್ತಿರವಿದ್ದರೆ ಸಾಕು. ಏರಿಳಿತವೇ ಊರಾಗಿರುವ ಶಿರಸಿಯಿಂದ ಬಂದವಳಿಗೆ ಇದೇ ದೊಡ್ಡ ಸುಖ.

ಮೆಟ್ಟಿಲಿನ ಲೆಕ್ಕ

ಕರಾವಳಿಯ ಮನೆಗೆ ತಳಪಾಯ ಎತ್ತರ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ಊರಲ್ಲಿ ಅದು ಸಹಜ. ಕಷ್ಟ ನಮಗೆ. ಮಾರ್ಗಸೂಚಿಯ ಇಳಿಜಾರು 1:12. ಅಂದರೆ ಒಂದು ಇಂಚು ಏರಲು 12 ಇಂಚು ಉದ್ದ ಬೇಕು. ಆರು ಇಂಚಿನ ಎರಡು ಮೆಟ್ಟಿಲಿಗೆ 12 ಅಡಿ ರ‍್ಯಾಂಪು, ಮೂರಕ್ಕೆ 18 ಅಡಿ. ‘ಎರಡೇ ಮೆಟ್ಟಿಲು ಅಕ್ಕ’ ಎಂದಾಗ ಅಂಗಳದಲ್ಲಿ 12 ಅಡಿ ಜಾಗ ಇದೆಯೇ ಎಂದು ಕೇಳಿ. ಬೈಕ್ ಹತ್ತಿಸಲು ಹಾಕಿದ ಸಿಮೆಂಟಿನ ದಿಬ್ಬವನ್ನು ರ‍್ಯಾಂಪ್ ಎಂದು ತೋರಿಸುವವರಿದ್ದಾರೆ. ಅದರಲ್ಲಿ ಇಳಿದರೆ ನೇರ ಗಟಾರಕ್ಕೆ.

ಗಟಾರ ಎಂದದ್ದಕ್ಕೆ ಹೇಳುತ್ತೇನೆ. ಗೇಟಿನ ಮುಂದೆ ಗಟಾರದ ಮೇಲೆ ಹಾಸಿದ ಕಲ್ಲುಗಳ ನಡುವಿನ ಸಂದಿಗೆ ಕುರ್ಚಿಯ ಮುಂದಿನ ಸಣ್ಣ ಗಾಲಿ ಸಿಕ್ಕಿದರೆ ನಾವು ಮುಖ ಅಡಿಯಾಗಿ ಬೀಳುತ್ತೇವೆ. ಕಬ್ಬಿಣದ ಒಂದು ತಗಡು ಹೊದಿಸಿದರೆ ಮುಗಿಯುವ ಕೆಲಸ, ಮನೆಗೆ ಬರುವ ಮೊದಲೇ ಮಾಡಿಸಿ. ಅಂಗಳಕ್ಕೆ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ) ಹಾಸಿದ್ದರೆ ಕುರ್ಚಿ ಕುಲುಕುತ್ತದೆ, ಆದರೂ ಅಷ್ಟಾಗಿ ಜಾರುವುದಿಲ್ಲ. ನುಣುಪು ಟೈಲ್ಸಿನ ರ‍್ಯಾಂಪಿಗಿಂತ ಅದೇ ಮೇಲು. ಜೂನ್ ಕಳೆದರೆ ಅಂಥ ಟೈಲ್ಸಿನ ಮೇಲೆ ಪಾಚಿ ಕಟ್ಟುತ್ತದೆ. ರ‍್ಯಾಂಪ್ ಹೊಸದಾಗಿ ಹಾಕಿಸುವುದಾದರೆ ಸಿಮೆಂಟ್ ಒಣಗುವ ಮೊದಲು ಅಡ್ಡಗೀರು ಎಳೆಸಿ, ಮಳೆಗಾಲದಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸುತ್ತಿರಿ.

ಎತ್ತಿಕೊಂಡು ಹೋಗುತ್ತೇವೆ ಎನ್ನುವವರ ಬಗ್ಗೆಯೂ ಒಂದು ಮಾತು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮೊದಲ ದಿನ ನಾಲ್ಕು ಜನ ಬಂದಲ್ಲಿ ಹದಿನೈದನೇ ದಿನ ನಾವೇ ಬಾಗಿಲಲ್ಲಿ ಕೂತು ದಾರಿಹೋಕರನ್ನು ಕರೆಯುವಂತಾಗುತ್ತದೆ. ಬೇಡ.

ಅಪಾರ್ಟ್‌ಮೆಂಟ್ ಎಂದರೆ ಎಲ್ಲ ಸಸೂತ್ರ ಎಂದುಕೊಂಡಿದ್ದೆ. ಒಂದು ಕಟ್ಟಡದಲ್ಲಿ ಕೆಳಗಿನ ಪಾರ್ಕಿಂಗ್‌ನಿಂದ ಲಿಫ್ಟಿನ ಬಾಗಿಲಿಗೇ ಮೂರು ಮೆಟ್ಟಿಲು, ಲಿಫ್ಟಿನ ಗುಂಡಿಗೆ ನೀರು ಇಳಿಯಬಾರದೆಂದು! ಲಿಫ್ಟಿನ ಒಳ ಅಳತೆಯೂ ಬೇಕು. ಆರು ಮಂದಿಯ ಲಿಫ್ಟಿನ ಆಳ ಸಾಮಾನ್ಯವಾಗಿ ಒಂದು ಮೀಟರ್, ಅಂದರೆ 39 ಇಂಚು. ನನ್ನ ಕುರ್ಚಿ 42. ಎಂಟು ಮಂದಿಯದಾದರೆ ಸುಮಾರು 43 ಇಂಚು, ಕಷ್ಟಪಟ್ಟು ಹಿಡಿಸುತ್ತದೆ. ಮಡಚುವ ಕಬ್ಬಿಣದ ಗೇಟಿದ್ದರೆ ಅದರ ಮಡಿಕೆ ಬಾಗಿಲಿನ ಅಗಲವನ್ನೂ ತಿನ್ನುತ್ತದೆ. ಗಾಳಿಮಳೆಗೆ ಹೆಸ್ಕಾಂ ಕರೆಂಟು ಹೋದಾಗ ಜನರೇಟರ್ ಲಿಫ್ಟಿಗೂ ಇದೆಯೇ, ಬರೀ ಮೆಟ್ಟಿಲ ದೀಪಕ್ಕೋ ಎಂದು ವಾಚ್‌ಮನ್‌ನನ್ನು ಕೇಳಿ, ಬಿಲ್ಡರನನ್ನಲ್ಲ. ನನ್ನ ಮಟ್ಟಿಗೆ ಲಿಫ್ಟಿರುವ ನಾಲ್ಕನೇ ಮಹಡಿಗಿಂತ ರ‍್ಯಾಂಪ್ ಹಾಕಿಸಬಹುದಾದ ನೆಲಮಹಡಿಯೇ ವಾಸಿ, ಸ್ವಲ್ಪ ತಂಡಿ ಬಂದರೂ ಸರಿ.

ಒಳಗೆ

ಬಚ್ಚಲಿನಲ್ಲಿ ಅರ್ಧ ತಾಸು ಕಳೆಯಿರಿ. ಕುರ್ಚಿ ಪೂರ್ತಿ ಸುತ್ತು ತಿರುಗಲು ಐದು ಅಡಿ ಬೇಕು, ಬಾಡಿಗೆ ಮನೆಯಲ್ಲಿ ಅದು ಸಿಗುವುದು ಅಪರೂಪ. ಹಿಮ್ಮುಖವಾಗಿ ಹೊಕ್ಕು ಕಮೋಡಿನ ಪಕ್ಕ ಕುರ್ಚಿ ನಿಲ್ಲಿಸಲು ಬಂದರೆ ನಡೆಯುತ್ತದೆ. ಕಮೋಡಿನ ಎತ್ತರ ಸಾಮಾನ್ಯವಾಗಿ 15-16 ಇಂಚು, ಮಾರ್ಗಸೂಚಿ ಹೇಳುವುದು 450ರಿಂದ 480 ಮಿ.ಮೀ. ಮೇಲೆ ಕೂರಿಸುವ ಎತ್ತರದ ಸೀಟು ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಇದಕ್ಕಾಗಿ ಮನೆ ಬಿಡಬೇಕಿಲ್ಲ. ನೀರು ಹೊರಬಾರದಂತೆ ಕೂರಿಸಿದ ಗ್ರಾನೈಟ್ ಪಟ್ಟಿಯ ಎರಡೂ ಬದಿ ಮರದ ಇಳಿಜಾರು ತುಂಡು ಇಟ್ಟರಾಯಿತು. ಹಿಡಿಕಂಬಿ ಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿನಲ್ಲೂ ತುಕ್ಕಿನ ಚುಕ್ಕೆ ಏಳುತ್ತದೆ, 316 ಕೇಳಿ ತನ್ನಿ. ಗೋಡೆ ಚಿರೆಕಲ್ಲಿನದಾದರೆ ಸ್ಕ್ರೂ ಸಡಿಲಾಗುವ ಭಯವಿದೆ. ಮೇಸ್ತ್ರಿಯಿಂದಲೇ ಹಾಕಿಸಿ, ಮೊದಲು ತಮ್ಮನಂಥ ದಪ್ಪ ಆಸಾಮಿ ಜೋತು ನೋಡಲಿ.

ಅಡುಗೆಕಟ್ಟೆ ಎತ್ತರವೇ ಇರುತ್ತದೆ. ಪಕ್ಕದಲ್ಲೊಂದು ಮೇಜು, ಅದರ ಮೇಲೆ ಇಂಡಕ್ಷನ್ ಒಲೆ, ಅಷ್ಟೇ.

ಯಾರಿಗೂ ಹೊಳೆಯದ ಒಂದು ಸಂಗತಿ ಎಂದರೆ ‘ಮಾಡು’, ಅಂದರೆ ತಲೆಯ ಮೇಲಿನ ಸೂರು. ಆಟೋದಿಂದ ಕುರ್ಚಿಗೆ ಇಳಿಯಲು ನನಗೆ ಐದು ನಿಮಿಷ ಬೇಕು. ಜುಲೈ ತಿಂಗಳಲ್ಲಿ ಆ ಐದು ನಿಮಿಷ ಬಯಲಲ್ಲಿ ಕಳೆದರೆ ಕಚೇರಿಗೆ ಹೋಗುವುದು ಒದ್ದೆಮುದ್ದೆಯಾಗಿ. ಆಟೋ ಒಳಬರುವಷ್ಟು ಅಗಲದ ಗೇಟು, ಅದರಾಚೆ ತಗಡಿನದ್ದಾದರೂ ಒಂದು ಮಾಡು ಇರುವ ಮನೆಗೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಕೊಡಿ.

ಕರಾರು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 44ನೇ ಕಲಂ ಪ್ರಕಾರ ಪ್ರವೇಶಯೋಗ್ಯತೆಯ ನಿಯಮ ಪಾಲಿಸದ ಕಟ್ಟಡಕ್ಕೆ ಅನುಮತಿ ಕೊಡುವಂತಿಲ್ಲ. ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹೊಸ ಅಪಾರ್ಟ್‌ಮೆಂಟಿನ ಬಿಲ್ಡರ್ ಎದುರು ಇದನ್ನು ಧೈರ್ಯವಾಗಿ ಎತ್ತಿ. ಹಳೆಯ ಒಂಟಿ ಮನೆಯ ಮಾಲಕರೆದುರು ಕಾಯ್ದೆ ಓದಿದರೆ ‘ಮನೆ ಕೊಟ್ಟಾಯ್ತಲ್ಲ’ ಎಂಬ ಉತ್ತರ ಬರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಹನ್ನೊಂದು ತಿಂಗಳ ಕರಾರಿನಲ್ಲಿ ಬರೆಸುವ ಒಂದು ಸಾಲು: ರ‍್ಯಾಂಪು, ಹಿಡಿಕಂಬಿ, ಬಾಗಿಲ ಬದಲಾವಣೆ ಬಾಡಿಗೆದಾರರ ಖರ್ಚಿನಲ್ಲಿ, ಬಿಡುವಾಗ ಮೊದಲಿನಂತೆ ಮಾಡಿಕೊಡತಕ್ಕದ್ದು. ಬಾಯಿಮಾತಿಗೆ ಬಿಟ್ಟರೆ ಅಡ್ವಾನ್ಸ್ ವಾಪಸು ಕೊಡುವ ದಿನ ಒಂದೊಂದು ತೂತಿಗೂ ಲೆಕ್ಕ ಬೀಳುತ್ತದೆ. ಕೆಲಸ ಶುರುವಾಗುವ ಮೊದಲು ಗೋಡೆ, ಅಂಗಳದ ಫೋಟೊ ತೆಗೆದಿಡಿ.

ನಾನು ಆ ಮೊದಲ ಮನೆ ಬಿಟ್ಟಾಗ ಕರಾರಿನಂತೆ ಮೇಸ್ತ್ರಿಯನ್ನು ಕರೆಸಿದ್ದೆ. ರ‍್ಯಾಂಪ್ ಒಡೆಸಿದೆವು, ಮಾಲಕರ ಕಾರಿಗೆ ಜಾಗ ಬೇಕಿತ್ತು. ಬಚ್ಚಲ ಕಂಬಿ ಬಿಚ್ಚಲು ಹೋದಾಗ ಮಾಲಕರು ತಡೆದರು. ‘ಅದೊಂದು ಇರಲಿ ತಂಗಿ, ಆಯಿ ಮೊನ್ನೆಯಿಂದ ಅದನ್ನೇ ಹಿಡಿದು ಏಳುತ್ತಾಳೆ’ ಎಂದರು.